ಮಲ್ಲಿಗೆ ಮನೆಯ ಚಳಿ ಹಿಡಿದ ಬ್ಯಾಟರಿಗಳು

ಟೆಕ್ಸಸ್ಸಿನಲ್ಲಿ ಸೋಲಾರ್ ಕೆಲಸಕ್ಕೆ ಸೇರುವ ನಮ್ಮ ಹುಡುಗರು, ಹುಡುಗಿಯರು ನನಗೆ ಫೋನ್ ಮಾಡಿದಾಗ ಮೊದಲು ಕೇಳುವುದು ಬಿಸಿಲಿನ ಬಗ್ಗೆ. "ಅಂಕಲ್, ಅಂಥ ಬೇಸಿಗೇಲಿ ಛಾವಣಿ ಮೇಲೆ ಹೇಗೆ ನಿಲ್ತಿದ್ರಿ?" ಟೋಪಿ ಹಾಕಿಕೊಂಡು ನಿಲ್ಲುತ್ತಿದ್ದೆ. ಅದರಲ್ಲಿ ಹೇಳುವಂಥದ್ದು ಏನೂ ಇಲ್ಲ. ಈ ಸೀಮೆಯಲ್ಲಿ ಬಿಸಿಲಿಗೆ ಪ್ರತಿಯೊಬ್ಬನೂ ತಯಾರಿರುತ್ತಾನೆ. ನನ್ನ ಕೆಲಸ ಕೆಡಿಸಿದ್ದೆಲ್ಲ ಚಳಿ. ವರ್ಷಕ್ಕೆ ನಾಲ್ಕಾರು ದಿನ ಬಂದು ಹೋಗುವ ಚಳಿ. ಉಳಿದ ದಿನ ಅದನ್ನು ಯಾರೂ ನೆನೆಯುವುದಿಲ್ಲ, ಅದಕ್ಕೇ ಅದು ಗೆಲ್ಲುತ್ತದೆ.

ಹಾಗಾಗಿ ಇಲ್ಲಿ ಬರೆಯುತ್ತಿರುವುದು ಚಳಿಯ ಮಾತು. ಅದರಲ್ಲೂ ಮುಖ್ಯವಾಗಿ ಒಂದು ದಿನದ ಮಾತು. ಗದಗ ಕಡೆಯ ಗಿರಿಜಕ್ಕ ಅನ್ನುವವರು ಆಸ್ಟಿನ್‌ಗೂ ಹ್ಯೂಸ್ಟನ್‌ಗೂ ನಡುವಿನ ಬಯಲಲ್ಲಿ ಮಲ್ಲಿಗೆ ಬೆಳೆಯುತ್ತಾರೆ. ಆ ದಿನ ಹೊತ್ತು ಮುಳುಗುವುದರೊಳಗೆ ಅವರ ಬ್ಯಾಟರಿಗಳು ಚಾರ್ಜ್ ತೆಗೆದುಕೊಳ್ಳದಿದ್ದರೆ, ಅವರು ಇಷ್ಟು ವರ್ಷ ಸಾಕಿದ್ದೆಲ್ಲ ಬೆಳಗಾಗುವಷ್ಟರಲ್ಲಿ ಕರಿ ಸೊಪ್ಪಾಗುತ್ತಿತ್ತು. ಆದರೆ ಅಲ್ಲಿಗೆ ಹೋಗುವ ಮುಂಚೆ ನಾನು ಯಾರ ಹತ್ತಿರ ಏನು ಕಲಿತಿದ್ದೆ ಅಂತ ಹೇಳಬೇಕು. ಅಂಥ ದಿನಕ್ಕೆ ಯಾರೂ ಬರಿಗೈಯಲ್ಲಿ ಹೋಗಬಾರದು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ತಿಪಟೂರಿನಲ್ಲಿ ನಮ್ಮ ಮಾವನ ಬ್ಯಾಟರಿ ಅಂಗಡಿ ಇತ್ತು, ಅಲ್ಲೇ ಬೆಳೆದೆ. ಆಸಿಡ್ ಬಿದ್ದು ತೂತಾದ ಪ್ಯಾಂಟೇ ನನ್ನ ಯೂನಿಫಾರ್ಮು. ಹೆಂಡತಿ ಪದ್ಮ ನರ್ಸ್. ಅವಳಿಗೆ ಡಲ್ಲಾಸಿನಲ್ಲಿ ಕೆಲಸ ಸಿಕ್ಕಿತು, ಅವಳ ವೀಸಾ ಹಿಂದೆ ನಾನೂ ಬಂದೆ. ಊರ ಪಕ್ಕದ ಯೂಲೆಸ್‌ನಲ್ಲಿ ಮನೆ ಮಾಡಿದೆವು. ಅಲ್ಲಿನ ಕನ್ನಡದವರು ಹೆಚ್ಚುಕಡಿಮೆ ಎಲ್ಲ ಕಂಪ್ಯೂಟರಿನವರೇ. ಹಬ್ಬದ ಊಟದಲ್ಲಿ ಯಾರಾದರೂ "ನೀವು ಯಾವ ಕಂಪನಿ?" ಅಂತ ಕೇಳಿದರೆ "ಬ್ಯಾಟರಿ ಹೊರ್ತೀನಿ" ಅನ್ನುತ್ತಿದ್ದೆ. ತಮಾಷೆ ಅಂದುಕೊಂಡು ನಗುತ್ತಿದ್ದರು. ನಾನು ನಗುತ್ತಿರಲಿಲ್ಲ. ಹೊರುತ್ತಿದ್ದೆ, ಚೆನ್ನಾಗಿ ಹೊರುತ್ತಿದ್ದೆ, ಆ ಬಗ್ಗೆ ನನಗೆ ಇವತ್ತಿಗೂ ಗರ್ವ ಇದೆ.

ನನ್ನನ್ನು ಕೆಲಸಕ್ಕೆ ತೆಗೆದುಕೊಂಡವನು ಗ್ಯಾರಿ. ಇಲ್ಲಿಯವನೇ, ಆರಡಿ ಮೀರಿದ ಆಳು, ಬಾಯಲ್ಲಿ ಸದಾ ಸೂರ್ಯಕಾಂತಿ ಬೀಜ. ಕರೆಂಟಿನ ಲೈನು ಹೋಗದ ಜಾಗಗಳಲ್ಲಿ, ಅಂದರೆ ದನದ ಫಾರಮ್ಮು, ಬೇಟೆಯವರ ಗುಡಿಸಲು, ಗುಡ್ಡದ ಮೇಲಿನ ಟವರು, ಇಂಥ ಕಡೆ ಪ್ಯಾನೆಲ್ಲು, ಬ್ಯಾಟರಿ ಕೂರಿಸಿ ಪುಟ್ಟ ಪವರ್ ಸ್ಟೇಷನ್ ಮಾಡಿಕೊಡುವುದು ನಮ್ಮ ಕಂಪನಿಯ ಕೆಲಸ. ಮೊದಲ ಚಳಿಗಾಲದಲ್ಲೇ ಗ್ಯಾರಿ ನನ್ನ ಮುಂದೆ ಸೀಳಿಹೋದ ಒಂದು ಆಸಿಡ್ ಬ್ಯಾಟರಿ ತಂದು ಇಟ್ಟ.

"ಇದು ಯಾಕೆ ಸೀಳಿತು ಹೇಳು."

ತಿಪಟೂರಿನಲ್ಲಿ ಬ್ಯಾಟರಿ ಕುದ್ದದ್ದು ಕಂಡಿದ್ದೆ, ಉಬ್ಬಿದ್ದು ಕಂಡಿದ್ದೆ. ಇದನ್ನು ಕಂಡಿರಲಿಲ್ಲ. "ಯಾರೋ ಎತ್ತಿ ಹಾಕಿದಾರೆ," ಅಂದೆ. ಗ್ಯಾರಿ ಬೀಜ ಗಂಟಲಿಗೆ ಸಿಕ್ಕಿಕೊಳ್ಳುವ ಹಾಗೆ ನಕ್ಕ. ಆಮೇಲೆ ಕೂರಿಸಿಕೊಂಡು ಹೇಳಿಕೊಟ್ಟ. ಚಾರ್ಜ್ ತುಂಬಿದ ಆಸಿಡ್ ಬ್ಯಾಟರಿ ಇಲ್ಲಿನ ಎಂಥ ಚಳಿಗೂ ಹೆಪ್ಪುಗಟ್ಟುವುದಿಲ್ಲ. ಖಾಲಿಯಾಯಿತೋ, ಒಳಗಿರುವುದು ಹೆಚ್ಚುಕಡಿಮೆ ನೀರು. ನೀರು ಮಂಜುಗಡ್ಡೆಯಾದರೆ ಡಬ್ಬಿ ಬಿರಿಯುತ್ತದೆ. "ಹೊಟ್ಟೆ ತುಂಬಿಸಿ ಮಲಗಿಸು, ಅದು ಸಾಯಲ್ಲ." ಇದು ಗ್ಯಾರಿಯ ವೇದ. ಉತ್ತರದ ಗಾಳಿ ಬರುತ್ತದೆ ಅಂತ ರೇಡಿಯೋ ಹೇಳಿದ ಕೂಡಲೇ ಜನರೇಟರ್ ಹೇರಿಕೊಂಡು ಊರೂರು ಸುತ್ತಿ ಬ್ಯಾಟರಿಗಳ ಹೊಟ್ಟೆ ತುಂಬಿಸುತ್ತಿದ್ದೆವು. ಬಾಣಂತಿಯರ ಆರೈಕೆ ಮಾಡಿದ ಹಾಗೆ.

ಅವನ ಇನ್ನೊಂದು ನಿಯಮ, ಬ್ಯಾಟರಿ ಯಾವತ್ತೂ ಕಟ್ಟಡದ ಉತ್ತರಕ್ಕೆ, ನೆರಳಲ್ಲಿ. ಗಾಳಿಕಂಡಿ ಧಾರಾಳವಾಗಿ ಇರಬೇಕು. ಬೇಸಿಗೆಯ ಲೆಕ್ಕಕ್ಕೆ ಅದು ಸರಿಯೇ. ನಾವೆಲ್ಲ ಹಾಗೇ ಕಟ್ಟಿದೆವು.

ಆಮೇಲೆ ಲಿಥಿಯಂ ಬಂತು. ಹಗುರ, ನೀರು ಹಾಕೋದು ಬೇಡ, ಆಸಿಡ್ ವಾಸನೆ ಇಲ್ಲ. ನಮ್ಮ ಬೆನ್ನುಗಳು ಕೈಮುಗಿದವು. ಆದರೆ ಅದರ ಸ್ವಭಾವ ಪೂರ್ತಿ ಬೇರೆ. ಬ್ಯಾಟರಿ ಮಾಡುವವರು ಕಳಿಸಿದ ಒಬ್ಬಳು ಎಂಜಿನಿಯರ್ ಹುಡುಗಿ ನಮಗೆಲ್ಲ ಪಾಠ ಮಾಡಿದಳು. ಚಳಿಯಲ್ಲಿ ಚಾರ್ಜ್ ಮಾಡಿ ಕೆಡಿಸಿದ ಒಂದು ಸೆಲ್ಲನ್ನು ಬಿಚ್ಚಿ, ಅದರ ಪದರ ಹರಡಿದ ಫೋಟೋ ತೋರಿಸಿದಳು. ಕಪ್ಪಗಿರಬೇಕಾದ ಹಾಳೆಯ ಮೇಲೆ ಬೂಷ್ಟು ಹಿಡಿದಂತೆ ಬಿಳಿ ಲೋಹದ ಪದರ. "ನೀರು ಮಂಜಾಗುವ ಚಳಿಯಲ್ಲಿ ಇದು ಕರೆಂಟ್ ಕೊಡುತ್ತೆ, ತಗೊಳ್ಳಲ್ಲ. ಬಲವಂತ ಮಾಡಿದರೆ ಈ ಲೋಹ ಬೆಳೀತಾ ಹೋಗಿ ಒಂದು ದಿನ ಒಳಗೇ ಶಾರ್ಟ್ ಆಗುತ್ತೆ." ಹಾಗೆ ಬಲವಂತ ಆಗದಿರಲಿ ಅಂತಲೇ ಪ್ರತಿ ಬ್ಯಾಟರಿಯ ಒಳಗೂ ಒಂದು ಕಾವಲು ಬೋರ್ಡು ಇರುತ್ತದೆ. ಚಳಿ ಹೆಚ್ಚಾದರೆ ಅದು ಚಾರ್ಜ್ ಬಾಗಿಲು ಹಾಕಿಬಿಡುತ್ತದೆ. ಆ ಫೋಟೋ ನನ್ನ ಕಣ್ಣಿಗೆ ಅಂಟಿತು. ಹಿಂದಿನ ಸಾಲಿನಲ್ಲಿ ಗ್ಯಾರಿ ಬೀಜ ಉಗುಳುತ್ತ, "ತಿನ್ನಿಸಿದರೆ ಯಾವ ಬ್ಯಾಟರಿಯಾದರೂ ತಾನೇ ಬೆಚ್ಚಗಾಗುತ್ತೆ," ಅಂದ. ಸೀಸ, ಆಸಿಡ್ಡಿನ ಬ್ಯಾಟರಿ ಕಾಲದವನು ಸೀಸದ ಬುದ್ಧಿ ಬಿಡಲಿಲ್ಲ.

ಡಲ್ಲಾಸಿನ ಆಚೆಯ ಮರ್ಫಿ ಊರಿನ ರಾಘುವಿನ ಕಥೆ ಹೇಳದೆ ಮುಂದೆ ಹೋಗಲಾರೆ. ಮೈಸೂರಿನ ಹುಡುಗ, ಹಿತ್ತಲಿನ ಶೆಡ್ಡಿನಲ್ಲಿ ಸ್ವಂತಕ್ಕೆ ಅಂತ ಸಣ್ಣ ಸ್ಟೇಷನ್ ಹಾಕಿಸಿದ್ದ. ಚಳಿಗೆ ಏನು ಮಾಡೋಣ ಅಂತ ಮಾತಾಡುತ್ತಿದ್ದಾಗ ಅವನೇ ಹೇಳಿದ: "ಅಂಕಲ್, ಚಳಿಗಾಲದಲ್ಲಿ ದೋಸೆ ಹಿಟ್ಟು ಹುದುಗು ಬರ್ಲಿ ಅಂತ ಓವನ್ ಒಳಗಿಟ್ಟು ಲೈಟ್ ಹಾಕಿಡ್ತೀವಲ್ಲ, ಬ್ಯಾಟರಿ ಬಾಕ್ಸಿಗೂ ಹಾಗೇ ಮಾಡಿದ್ರೆ?"

ನಮ್ಮ ಮನೆಯಲ್ಲೂ ಪದ್ಮ ವರ್ಷಾನುಗಟ್ಟಲೆ ಅದನ್ನೇ ಮಾಡುತ್ತಿದ್ದಳು, ನನ್ನ ತಲೆಗೆ ಹೊಳೆದಿರಲಿಲ್ಲ. ಬಾಕ್ಸಿನೊಳಗೆ ಹಳೇ ಕಾಲದ ಗುಂಡು ಬಲ್ಬೊಂದನ್ನು ಜಾಲರಿ ಒಳಗೆ ಕೂರಿಸಿದೆ. ಮೊದಲ ಚಳಿಗಾಲ ಸಲೀಸಾಗಿ ಕಳೆಯಿತು. ಎರಡನೆಯದರಲ್ಲಿ ಫೋನ್ ಬಂತು. "ಅಂಕಲ್, ಚಾರ್ಜ್ ನಿಂತೋಗಿದೆ. ಬಲ್ಬ್ ಮಾತ್ರ ಉರೀತಾ ಇದೆ, ಕ್ಯಾಮೆರಾದಲ್ಲಿ ನೋಡ್ತಾನೇ ಇದೀನಿ." ಹೋಗಿ ನೋಡಿದರೆ ಎಲ್‌ಇಡಿ! ಕರೆಂಟ್ ಉಳಿಯಲಿ ಅಂತ ಮನೆಯ ಬಲ್ಬುಗಳನ್ನೆಲ್ಲ ಬದಲಿಸಿದವನು ಇದನ್ನೂ ಬದಲಿಸಿದ್ದ. ಬೆಳಕು ಝಗಝಗ, ಬಿಸಿ ಮಾತ್ರ ಇಲ್ಲ. ಒಳಗಿನಿಂದ ಅವನ ಹೆಂಡತಿ ಕೂಗಿ ಹೇಳಿದಳು, "ಓವನ್ ಲೈಟೂ ಚೇಂಜ್ ಮಾಡಿದ್ರು ಅಂಕಲ್, ಒಂದು ತಿಂಗಳಿಂದ ದೋಸೆನೂ ಹಂಗೇ ಆಗಿದೆ!" ರಾಘು ತಲೆ ಕೆರೆದುಕೊಂಡ. ಆಮೇಲೆ ಅವನೇ ಕೂತು, ಬಾಕ್ಸಿನೊಳಗಿನ ಚಳಿ ಎಷ್ಟು ಅಂತ ಫೋನಿಗೆ ಮೆಸೇಜು ಬರುವ ಹಾಗೆ ಏನೋ ಮಾಡಿದ. ಅಂಥದ್ದು ನನ್ನ ಕೈಲಿ ಆಗದ ಕೆಲಸ. ಅಲ್ಲಿಂದಾಚೆ ಕಣ್ಣಿಗೆ ಕಂಡದ್ದನ್ನು ನಾನು ನಂಬಲಿಲ್ಲ, ಕೈಯಿಟ್ಟು ನೋಡುತ್ತಿದ್ದೆ.

ಈಗ ಗಿರಿಜಕ್ಕನ ದಿನ.

ಆ ದೊಡ್ಡ ಚಳಿಯ ಫೆಬ್ರವರಿಯನ್ನು ಟೆಕ್ಸಸ್ಸಿನಲ್ಲಿದ್ದ ಯಾರೂ ಮರೆತಿಲ್ಲ. ಡಲ್ಲಾಸು, ಆಸ್ಟಿನ್ನು, ಹ್ಯೂಸ್ಟನ್ನು ಎಲ್ಲ ಕಡೆ ಕರೆಂಟ್ ಹೋಗಿ, ನಲ್ಲಿಗಳು ಒಡೆದು, ಜನ ಕಾರಿನಲ್ಲಿ ಕೂತು ಕೈ ಕಾಯಿಸಿಕೊಂಡರು. ನಾನೂ ನನ್ನ ಜೊತೆಗಾರ ಹೋಸೆಯೂ ಕಂಪನಿಯ ಆಸ್ಟಿನ್ ಗೋಡೌನಿನಲ್ಲಿ ಸಿಕ್ಕಿಕೊಂಡಿದ್ದೆವು. ಬೆಳಿಗ್ಗೆ ಗಿರಿಜಕ್ಕನ ಫೋನು. ಅವರು ಹೆಚ್ಚು ಮಾತಾಡಲಿಲ್ಲ. "ಶಿವಣ್ಣಾರ, ಬ್ಯಾಟರಿ ಇಳಕೊಂತ ನಡದೈತಿ. ಇವತ್ತ ರಾತ್ರಿ ದಾಟಂಗಿಲ್ರಿ."

ಅವರ ಪಾರದರ್ಶಕ ಹಾಳೆಯ ದೊಡ್ಡ ಮನೆ, ಅವರ ಬಾಯಲ್ಲಿ ಮಲ್ಲಿಗಿ ಮನಿ, ನನಗೆ ಗೊತ್ತಿತ್ತು. ಹ್ಯೂಸ್ಟನ್ನಿನ ದೇವಸ್ಥಾನಗಳಿಗೆ, ಅದರ ಪಕ್ಕದ ಮಿಸೌರಿ ಸಿಟಿಯ ಮದುವೆಗಳಿಗೆ ಹೂವು ಹೋಗುತ್ತಿದ್ದದ್ದು ಅಲ್ಲಿಂದ. ಮಧ್ಯದ ಸಾಲುಗಳಲ್ಲಿ ದೊಡ್ಡ ತೊಟ್ಟಿಗಳಲ್ಲಿ ಹಳೇ ಮಲ್ಲಿಗೆ ಗಿಡಗಳು, ಅವರ ಇಡೀ ತೋಟ ಹುಟ್ಟಿದ್ದು ಅವುಗಳ ಕಡ್ಡಿಯಿಂದ. ತಾಯಿ ಗಿಡ ಅನ್ನುತ್ತಿದ್ದರು. ಆ ಮನೆಗೆ ಬಿಸಿ ಕೊಡುವುದು ಗ್ಯಾಸ್ ಹೀಟರು. ಗ್ಯಾಸ್ ಟ್ಯಾಂಕ್ ತುಂಬಿತ್ತು, ಆದರೆ ಹೀಟರಿನ ಫ್ಯಾನು ತಿರುಗಲು ಕರೆಂಟ್ ಬೇಕು. ಕರೆಂಟ್ ಕೊಡುವುದು ನಾವು ಹಾಕಿದ ಬ್ಯಾಟರಿ. ಲೈನು ಆ ಬಯಲಿಗೆ ಬಂದೇ ಇಲ್ಲ. ಅವರ ಜನರೇಟರಿನಲ್ಲಿ ಪೆಟ್ರೋಲು ಬತ್ತಿಹೋಗಿತ್ತು, ಪೆಟ್ರೋಲ್ ಬಂಕುಗಳಲ್ಲೂ ಕರೆಂಟಿಲ್ಲದೆ ಪಂಪು ನಿಂತಿತ್ತು. ಕಂಪನಿಯ ಜನರೇಟರು ಡಲ್ಲಾಸಿನಲ್ಲೇ ಉಳಿದಿತ್ತು, ನಮ್ಮ ಟ್ರಕ್ಕು ಡೀಸೆಲ್ಲಿನದು, ಅದರ ಸಣ್ಣ ಇನ್ವರ್ಟರು ಆ ಫ್ಯಾನನ್ನು ಎಳೆಯಲಾರದು.

ಮಂಜಿನ ರಸ್ತೆಯಲ್ಲಿ ಎಮ್ಮೆ ನಡೆದಂತೆ ನಡೆಸಿಕೊಂಡು ಟ್ರಕ್ ಮುಟ್ಟಿಸುವಾಗ ಮಧ್ಯಾಹ್ನ ಹತ್ತಿರ. ಮೋಡ ಸರಿದು ಬಿಸಿಲು ಕಣ್ಣು ಕುಕ್ಕುತ್ತಿತ್ತು. ಗಿರಿಜಕ್ಕ ಸೀರೆಯ ಮೇಲೆ ಗಂಡಸರ ಕೋಟು ತೊಟ್ಟು, ಕೈಯಲ್ಲಿ ಪೊರಕೆ ಹಿಡಿದು ನಿಂತಿದ್ದರು.

"ಬಿಸಲ ನೋಡ್ರಿ ಹೆಂಗ ಬಿದ್ದೈತಿ. ಪ್ಯಾನಲ್ ಮ್ಯಾಲಿನ ಬರಫ ಎಲ್ಲಾ ನಾನ ಬಳದು ತಗದೀನಿ. ಆದ್ರೂ ಒಂದ್ ಹನಿ ಕರೆಂಟ್ ಒಳಗ ಹೋಗವಲ್ದು."

ಬ್ಯಾಟರಿ ಇದ್ದದ್ದು ಮಲ್ಲಿಗೆ ಮನೆಯ ಉತ್ತರದ ಗೋಡೆಗೆ ಒರಗಿಸಿ ಕಟ್ಟಿದ ತಗಡಿನ ರೂಮಿನಲ್ಲಿ. ಗ್ಯಾರಿಯ ನಿಯಮದ ಪ್ರಕಾರ ಗಾಳಿಕಂಡಿ ಧಾರಾಳ. ಬಾಗಿಲು ತೆಗೆದರೆ ಉತ್ತರದ ಗಾಳಿ ನಮಗಿಂತ ಮೊದಲೇ ಒಳಗೆ ಕೂತಿತ್ತು. ಬ್ಯಾಟರಿಗಳು ಕಾಣಲಿಲ್ಲ. ನಾಲ್ಕೂ ಬ್ಯಾಟರಿಗೆ ತಲೆಯಿಂದ ಕಾಲಿನವರೆಗೆ ಬಣ್ಣಬಣ್ಣದ ಕೌದಿ ಹೊದಿಸಿತ್ತು.

"ಮೊನ್ನೆ ಚಳಿ ಶುರುವಾದ ಮ್ಯಾಲೆ ಹೊಚ್ಚೀನ್ರಿ, ಪಾಪ ಅಂತ. ನಮ್ಮವ್ವ ಹೊಲಿದ ಕೌದಿ, ಇಂಥಾ ಬೆಚ್ಚಗ ಯಾವ ಅಂಗಡ್ಯಾಗೂ ಸಿಗಂಗಿಲ್ಲ."

ಹೋಸೆ ಕೌದಿಯ ಹೊಲಿಗೆ ಮುಟ್ಟಿ ನೋಡಿದ. "ಶಿವಾ, ನಮ್ಮಜ್ಜಿಯೂ ಹಿಂಗೇ ಹೊಲಿಯೋಳು. ಆದರೆ ಅವಳು ಅದನ್ನ ಸತ್ತವರಿಗೆ ಹೊದಿಸ್ತಿರಲಿಲ್ಲ."

ಕೌದಿ ಸರಿಸಿ ಕೈಯಿಟ್ಟೆ. ಕಬ್ಬಿಣದ ಗೇಟು ಮುಟ್ಟಿದ ಹಾಗೆ ಕೊರೆಯಿತು. ಸೆನ್ಸರ್ ನೋಡಿದರೆ ಸೊನ್ನೆಗಿಂತ ಎಷ್ಟೋ ಕೆಳಗೆ. ಮೊದಲೇ ತಣ್ಣಗಾದ ಬ್ಯಾಟರಿಗೆ ಹೊದಿಸಿದ ಕೌದಿ ಆ ತಂಪನ್ನೇ ಕಾಪಾಡಿತ್ತು.

"ಹಂಗಾರ ನಾ ಮಾಡಿದ್ದು ತಪ್ಪೇನ್ರಿ?"

"ಕೌದಿ ತಪ್ಪಲ್ಲ ಅಕ್ಕ, ಜಾಗ ತಪ್ಪು. ಮನುಷ್ಯರ ಮೈಯಲ್ಲಿ ಬಿಸಿ ಇರುತ್ತೆ, ಕೌದಿ ಅದನ್ನ ಹಿಡಿದಿಡುತ್ತೆ. ಇದರ ಮೈಯಲ್ಲಿ ಏನೂ ಇಲ್ಲ. ಬಿಸಿ ನಾವೇ ತರಬೇಕು."

ಎಲ್ಲಿಂದ ತರೋದು? ಬಿಸಿ ಇದ್ದದ್ದು ಒಂದೇ ಕಡೆ, ಗೋಡೆಯ ಆಚೆ, ಗಿಡಗಳ ಹತ್ತಿರ. ಬ್ಯಾಟರಿಯನ್ನೇ ಅಲ್ಲಿಗೆ ಹೊತ್ತರೆ ಅಂದ ಹೋಸೆ. ಅವು ತಾಮ್ರದ ಪಟ್ಟಿಯಲ್ಲಿ ಒಟ್ಟಿಗೆ ಬಿಗಿದವು. ಬಿಚ್ಚಿದರೆ ಫ್ಯಾನು ನಿಲ್ಲುತ್ತದೆ, ಹೊರಗಿನ ಚಳಿಯಲ್ಲಿ ಆ ಪೊರೆಯಂಥ ಮನೆ ಎಷ್ಟು ಹೊತ್ತು ತಡೆದೀತು?

"ಗೋಡೆ ಕುಯ್ಯಬೇಕಕ್ಕ," ಅಂದೆ. "ಮಲ್ಲಿಗೆ ಮನೆಗೂ ಈ ರೂಮಿಗೂ ಮಧ್ಯೆ ಇರೋದನ್ನ."

"ಒಳಗಿನ ಬಿಸಿ ಎಲ್ಲಾ ಇತ್ತಾಗ ಬರತೈತ್ರೀ!"

"ಬರಬೇಕು ಅಂತಲೇ. ಈ ಗೋಡೆ ಪಕ್ಕದ ಸಾಲು ಉಳಿಯಲಿಕ್ಕಿಲ್ಲ."

ಆ ಸಾಲಿನಲ್ಲಿ ಕನಕಾಂಬರ ಇತ್ತು. ಗಿರಿಜಕ್ಕ ಒಳಗೆ ಹೋದರು. ಕನಕಾಂಬರದ ಮುಂದೆ ಒಂದು ಗಳಿಗೆ ನಿಂತರು, ಆಮೇಲೆ ತಾಯಿ ಗಿಡಗಳ ಕಡೆ ತಿರುಗಿ ನೋಡಿದರು. ಅಲ್ಲಿಂದಲೇ ಕೂಗಿದರು.

"ಕನಕಾಂಬರ ಬೀಜಾ ಹಾಕಿದ್ರ ಮತ್ತ ಹುಟ್ಟತಾವ. ಇವು ಹುಟ್ಟಂಗಿಲ್ಲ. ಕುಯ್ರಿ."

ಹೋಸೆ ಕೊಯ್ದ. ನಾನೂ ಗಿರಿಜಕ್ಕನೂ ಕೌದಿಗಳನ್ನು ಬ್ಯಾಟರಿಯಿಂದ ತೆಗೆದು ತಗಡಿನ ಗೋಡೆಗೆ, ಬಾಗಿಲಿಗೆ ಕಟ್ಟಿದೆವು. ನಾವೇ ಮಾಡಿದ್ದ ಗಾಳಿಕಂಡಿಗಳಿಗೆ ಗೊಬ್ಬರದ ಖಾಲಿ ಚೀಲ ತುರುಕಿದೆವು. ಮಲ್ಲಿಗೆ ಮನೆಯೊಳಗೆ ತಾಯಿ ಗಿಡಗಳ ಸುತ್ತ ಪ್ಲಾಸ್ಟಿಕ್ ಪರದೆ ಎಳೆದು ಬಿಸಿ ಅಲ್ಲೇ ನಿಲ್ಲುವ ಹಾಗೆ ಮಾಡಿದೆವು. ಕೊಯ್ದ ಕಂಡಿಯಿಂದ ಹಸಿಮಣ್ಣಿನ ವಾಸನೆಯ ಬೆಚ್ಚನೆ ಗಾಳಿ ರೂಮಿಗೆ ಬರತೊಡಗಿತು. ಇನ್ನು ಕಾಯುವುದಷ್ಟೇ.

ಕಾಯುವುದು ಈ ಕೆಲಸದ ಅತ್ಯಂತ ಕಷ್ಟದ ಭಾಗ, ಇದನ್ನು ನಿಮಗೆ ಯಾವ ಕ್ಲಾಸಿನಲ್ಲೂ ಹೇಳಿಕೊಡುವುದಿಲ್ಲ. ಬ್ಯಾಟರಿಯ ಮೈ ಬೇಗ ಬೆಚ್ಚಗಾಗುತ್ತದೆ, ಹೊಟ್ಟೆ ಆಗುವುದಿಲ್ಲ. ಹೊರಗೆ ಬಿಸಿಲು ವಾಲುತ್ತಿತ್ತು. ಸೆನ್ಸರಿನ ಅಂಕಿ ಬಸವನ ಹುಳುವಿನ ಹಾಗೆ ಮೇಲೆ ಹತ್ತುತ್ತಿತ್ತು. ಇತ್ತ ಉಳಿದಿದ್ದ ಚಾರ್ಜು ಇಳಿಯುತ್ತಿತ್ತು. ಆಗ ಗ್ಯಾರಿಯ ಫೋನು. ಕೈ ಮರಗಟ್ಟಿತ್ತು ಅಂತ ಸ್ಪೀಕರಿಗೆ ಹಾಕಿದೆ.

"ಶಿವಾ, ಇನ್ನೂ ಅಲ್ಲೇ ಇದ್ದೀಯಾ? ಕಾವಲು ಬೋರ್ಡನ್ನ ಬೈಪಾಸ್ ಮಾಡು, ಎರಡು ವೈರಿನ ಕೆಲಸ. ಬಿಸಿಲಿದೆ, ತುಂಬಿಸು. ತಾನೇ ಬೆಚ್ಚಗಾಗುತ್ತೆ."

"ಮಾಡಲ್ಲ ಗ್ಯಾರಿ."

"ನಿನ್ನನ್ನ ಕೇಳ್ತಿಲ್ಲ, ಮಾಡು ಅಂತಿದೀನಿ."

"ಗೊತ್ತು. ಆದರೂ ಮಾಡಲ್ಲ." ಕಟ್ ಮಾಡಿದೆ. ನನಗೆ ಕೆಲಸ ಕಲಿಸಿದವನ ಫೋನು ಕಟ್ ಮಾಡಿದ್ದು ಅದೇ ಮೊದಲು.

ಗಿರಿಜಕ್ಕ ಎಲ್ಲ ಕೇಳಿಸಿಕೊಂಡಿದ್ದರು. "ಎರಡ ವೈರಿನ ಕೆಲಸ ಅಂದ್ರಲ್ರಿ ಅವರು. ಯಾಕ ಒಲ್ಲೆ ಅಂತೀರಿ?"

"ಇವತ್ತು ತುಂಬಿಸಿದ್ರೆ ಇವತ್ತು ಏನೂ ಆಗಲ್ಲ ಅಕ್ಕ. ಒಂದು ತಿಂಗಳಿಗೋ ಆರು ತಿಂಗಳಿಗೋ ಒಳಗೇ ಶಾರ್ಟ್ ಆಗಿ ಬೆಂಕಿ ಹತ್ತುತ್ತೆ. ಪಕ್ಕದಲ್ಲಿ ಗ್ಯಾಸ್ ಟ್ಯಾಂಕ್. ನೀವು ಆಚೆ ಕೂತು ಹೂ ಬಿಡಿಸ್ತಾ ಇರ್ತೀರಿ."

"ಆರ ತಿಂಗಳ ಮಾತ ಬಿಡ್ರಿ, ಇವತ್ತಿನ ರಾತ್ರಿ ಹೇಳ್ರಿ ನನಗ!"

"ಇವತ್ತಿಗೆ ನನ್ನ ಹತ್ರ ಇರೋದು ಈ ಕಂಡಿ ಒಂದೇ."

"ಗಿಡ ನಿಮ್ಮವಲ್ಲಲ್ರಿ. ಅದಕ್ಕ."

ಆ ಮಾತು ನಾಟಿತು. ಸೆನ್ಸರಿನ ಕಡೆ ತಿರುಗಿದೆ. ಕೊಡಬಹುದಾದ ಉತ್ತರ ಅಲ್ಲಿನ ಅಂಕಿ ಮಾತ್ರ, ಅದಿನ್ನೂ ಸೊನ್ನೆ ದಾಟಿರಲಿಲ್ಲ. ಅವರು ಬಾಗಿಲು ಹಾಕಿಕೊಂಡು ಹೋದರು. ಹೋಸೆ ನನ್ನನ್ನು ನೋಡಿದ, ನಾನು ಬ್ಯಾಟರಿ ನೋಡಿದೆ. ಸ್ವಲ್ಪ ಹೊತ್ತಿಗೆ ಬಾಗಿಲು ಕಾಲಿನಿಂದ ಒದ್ದ ಶಬ್ದ. ಗಿರಿಜಕ್ಕ ಎರಡೂ ಕೈಯಲ್ಲಿ ಹಬೆಯಾಡುವ ನೀರಿನ ಕ್ಯಾನು ಹಿಡಿದಿದ್ದರು, ಮುಖ ಮಾತ್ರ ಗಂಟು.

"ಇದಾದ್ರೂ ಇಡಬೋದೋ, ಇಲ್ಲ ಇದಕ್ಕೂ ಒಲ್ಲೆ ಅಂತೀರೋ?"

"ಇಡಿ ಅಕ್ಕ. ಬ್ಯಾಟರಿಗೆ ತಾಗಿಸಬೇಡಿ, ನೆಲದ ಮೇಲೆ, ಸುತ್ತ."

ಆಮೇಲೆ ಮೂವರೂ ಗ್ಯಾಸ್ ಒಲೆಯ ಮೇಲೆ ನೀರು ಕಾಯಿಸಿದೆವು, ಹೊತ್ತೆವು, ಇಟ್ಟೆವು. ಆರಿದ್ದನ್ನು ಒಯ್ದು ಮತ್ತೆ ಕಾಯಿಸಿದೆವು. ರೂಮಿನ ತಗಡಿನಿಂದ ಹನಿ ತೊಟ್ಟಿಕ್ಕತೊಡಗಿತು. ಬ್ಯಾಟರಿಗಳ ತಲೆಯ ಮೇಲೆ ಗಿರಿಜಕ್ಕ ಒಂದು ಪ್ಲಾಸ್ಟಿಕ್ ಹಾಳೆ ಎಳೆದರು, ನಾನು ಹೇಳುವ ಮೊದಲೇ. ಬಿಸಿಲು ಹೊಲದ ಬೇಲಿಯ ಮೇಲಿತ್ತು.

ಕಾವಲು ಬೋರ್ಡು ಬಾಗಿಲು ತೆಗೆದರೆ ಶಬ್ದ ಏನೂ ದೊಡ್ಡದಲ್ಲ. ಟಕ್ ಅಂತ ಒಂದು. ಆದರೆ ಆ ರೂಮಿನಲ್ಲಿ ಮೂವರೂ ಒಟ್ಟಿಗೆ ತಲೆ ಎತ್ತಿದೆವು. ಮೊದಲು ಒಂದು ಬ್ಯಾಟರಿ, ಹಿಂದೆಯೇ ಇನ್ನೊಂದು, ಆಮೇಲೆ ಉಳಿದವು. ಮೀಟರಿನಲ್ಲಿ ಬಾಣ ತಿರುಗಿತು, ಕರೆಂಟು ಒಳಗೆ ಹೋಗುತ್ತಿತ್ತು. ಗಿರಿಜಕ್ಕ ಕೋಟಿನ ತೋಳಿನಿಂದ ಮೂಗು ಒರೆಸಿಕೊಂಡು, "ಹೊಂಟಿತಲ್ರಿ," ಅಂದರು, ಅಷ್ಟೇ. ಉಳಿದ ಬಿಸಿಲನ್ನೆಲ್ಲ ಬ್ಯಾಟರಿ ಕುಡಿಯಿತು. ಗ್ಯಾರಿಗೆ ಫೋನ್ ಮಾಡಿ "ತಗೊಳ್ತಾ ಇದೆ" ಅಂದೆ. "ಸರಿ" ಅಂದು ಇಟ್ಟ. ಆ ವಿಷಯ ಅವನು ಮತ್ತೆ ಎತ್ತಲಿಲ್ಲ, ಆದರೆ ಮುಂದಿನ ಚಳಿಗಾಲದಿಂದ ಉತ್ತರದ ಗೋಡೆ ಅನ್ನುವ ಮಾತು ಅವನ ಬಾಯಲ್ಲಿ ಬರಲಿಲ್ಲ.

ರಾತ್ರಿಯ ವಿಷಯ ಬರೆಯುವಂಥದ್ದಿಲ್ಲ. ಫ್ಯಾನು ನಿಲ್ಲಲಿಲ್ಲ.

ಬೆಳಿಗ್ಗೆ ಪರದೆ ಸರಿಸಿ ಒಳಗೆ ಹೋದೆವು. ತಾಯಿ ಗಿಡಗಳು ಎಲೆ ಸ್ವಲ್ಪ ಜೋತುಬಿದ್ದು, ಹಸಿರಾಗೇ ನಿಂತಿದ್ದವು. ಗಿರಿಜಕ್ಕ ಒಂದೊಂದರ ಬುಡಕ್ಕೂ ಬೆರಳಿಟ್ಟು ನೋಡುತ್ತ ನಡೆದರು. ಉತ್ತರದ ಗೋಡೆಯ ಕನಕಾಂಬರ ಪೂರ್ತಿ ಹೋಗಿತ್ತು, ಬೇಯಿಸಿದ ಸೊಪ್ಪಿನ ಹಾಗೆ. ಹೋಸೆ ಆ ಕಂಡಿಗೆ ಮುಚ್ಚಲು ಹೊಸ ಹಾಳೆ ಟ್ರಕ್ಕಿನಿಂದ ಇಳಿಸಿಕೊಂಡು ಬಂದ.

"ಅದನ್ನ ಮುಚ್ಚಬ್ಯಾಡ್ರಿ," ಅಂದರು ಗಿರಿಜಕ್ಕ.

"ಬೇಸಿಗೇಲಿ ಬ್ಯಾಟರಿಗೆ ಬಿಸಿ ಹೊಡೆಯುತ್ತೆ ಅಕ್ಕ."

"ಅದಕ್ಕ ಒಂದ್ ಬಾಗಲಾ ಮಾಡ್ರಿ. ಬ್ಯಾಸಗ್ಯಾಗ ಹಾಕ್ತೀನಿ, ಚಳಿಗಾಲದಾಗ ತಗೀತೀನಿ. ಮನಿಯೊಳಗಿನವ್ರನ್ನ ಹೊರಗ ಮಲಗಿಸಿ ಕೌದಿ ಹೊಚ್ಚಿದ್ರ ಏನ್ ಬಂತು?"

ಬಾಗಿಲು ತೆರೆಯಲು ಜಾಗ ಬೇಕಲ್ಲ ಅಂತ ನಾನು ಅಳತೆಯ ಟೇಪು ಹುಡುಕುತ್ತಿದ್ದೆ. ಗಿರಿಜಕ್ಕ ಆಗಲೇ ಕೋಟು ಬಿಚ್ಚಿಟ್ಟು, ಮಂಡಿಯೂರಿ ಕೂತು, ಸತ್ತ ಕನಕಾಂಬರವನ್ನು ಬೇರುಸಹಿತ ಕೀಳುತ್ತ ಬಾಗಿಲಿಗೆ ಜಾಗ ಮಾಡುತ್ತಿದ್ದರು.